ಸ್ಪಂಜು ತೊಳೆದ ದಿನ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಫಿನಾಯಿಲಕ್ಕ ಎಂದೇ ಕರೆಯುತ್ತಿದ್ದರು. ಹೆಂಗಸರ ವಾರ್ಡಿನ ನೆಲ, ಮಂಚದ ಕಾಲು, ಕಿಟಕಿಯ ಸರಳು, ಯಾವುದರ ಮೇಲೆ ಅವಳ ಕೈ ಬಿದ್ದರೂ ಅದು ಕನ್ನಡಿ. ಕೊಳೆ ಇದ್ದಲ್ಲಿ ಕಾಯಿಲೆ. ಅವಳು ಕಲಿತ ವಿದ್ಯೆ ಅಷ್ಟೇ, ಅದನ್ನು ಕರತಲಾಮಲಕ ಮಾಡಿಕೊಂಡಿದ್ದಳು.

ಮನೆಯಲ್ಲೂ ಒಬ್ಬ ರೋಗಿಯಿದ್ದ. ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದ ಗಂಡ, ಕಂಡವರ ಮನೆಯ ಹಳೇ ಬಣ್ಣ ಉಜ್ಜಿ ಉಜ್ಜಿ, ಆ ಧೂಳನ್ನೇ ಉಸಿರಾಡಿ ಎದೆ ಹಾಳು ಮಾಡಿಕೊಂಡಿದ್ದ. ಮಂಚ ಹಿಡಿದ ಮೇಲೆ ಅವನ ಪ್ರಪಂಚ ಎದುರಿನ ಗೋಡೆಯಷ್ಟಕ್ಕೆ ಬಂದು ನಿಂತಿತ್ತು.

"ಏನಾದ್ರೂ ಅಲುಗಾಡೋದನ್ನ ತಂದಿಡೇ" ಎಂದ ಒಂದು ದಿನ. "ಈ ಗೋಡೆ ನೋಡಿ ಸಾಕಾಗಿದೆ. ಬಳಿದಿದ್ದೂ ನಾನೇ, ಬಯ್ಯೋಕೂ ಆಗಲ್ಲ."

ಬೀದಿಯ ಕೊನೆಯ ಮೀನಿನ ಅಂಗಡಿಯಿಂದ ಅವಳು ಗಾಜಿನ ತೊಟ್ಟಿ ತಂದಳು, ಜೊತೆಗೆ ಮೂರು ಡಿಸ್ಕಸ್ ಮೀನು. ತಟ್ಟೆಯಂತೆ ದುಂಡಗೆ, ಚಪ್ಪಟೆ; ಕೆಂಪು ಮೈಮೇಲೆ ನೀಲಿಯ ಸಣ್ಣ ಗೆರೆಗಳು. "ಮೊದಲ ಸಲ ಸಾಕೋರಿಗೆ ಇದು ಬೇಡಕ್ಕ, ತುಂಬ ನಾಜೂಕು" ಎಂದಿದ್ದ ಅಂಗಡಿಯವನು. ನಾಜೂಕಾದವರನ್ನು ನೋಡಿಕೊಂಡೇ ಅವಳ ತಲೆ ನರೆತಿತ್ತು. ಆ ಮಾತಿಗೆ ಹೆದರಲಿಲ್ಲ.

ಗಂಡ ಅವುಗಳಿಗೆ ಬೀಗರು ಎಂದು ಹೆಸರಿಟ್ಟ. "ನೋಡು, ನೀರು ಬೆಚ್ಚಗಿರ್ಬೇಕು, ಊಟ ಹೊತ್ತಿಗೆ ಸರಿಯಾಗಿ ಬರ್ಬೇಕು, ಬಾಗಿಲು ಜೋರಾಗಿ ಹಾಕಿದ್ರೆ ಮುನಿಸು."

"ನಿಮಗಿಂತ ವಾಸಿ ಬಿಡಿ. ಉಪ್ಪು ಕಮ್ಮಿ ಅಂತ ಮುಖ ತಿರುಗಿಸಲ್ಲ."

ಅವನು ನಕ್ಕ, ನಗು ಕೆಮ್ಮಾಯಿತು. ಮಲಗಿದಲ್ಲಿಂದಲೇ ಬೆರಳೆತ್ತಿದರೆ ಮೂರೂ ಗಾಜಿನ ಬಳಿ ಬಂದು ಅವನನ್ನೇ ನೋಡುತ್ತಿದ್ದವು. ನೋಡಲು ಬರುವ ನೆಂಟರು ಕಣ್ಣು ತಪ್ಪಿಸುತ್ತಿದ್ದರು, ಇವು ತಪ್ಪಿಸುತ್ತಿರಲಿಲ್ಲ. ಇವು ಇರುವವರೆಗೆ ಈತನೂ ಇರುತ್ತಾನೆ ಎಂಬ ನಂಬಿಕೆ ಅವಳೊಳಗೆ ಯಾವಾಗ ಬೇರುಬಿಟ್ಟಿತೋ ಅವಳಿಗೇ ತಿಳಿಯದು.

ರಜೆಯ ದಿನವೊಂದರಲ್ಲಿ ತೊಟ್ಟಿಯ ನೀರು ಸೋಸುವ ಸ್ಪಂಜನ್ನು ಹೊರತೆಗೆದಳು. ಕಂದು ಬಣ್ಣ, ಲೋಳೆ ಲೋಳೆ. ಇಷ್ಟು ಹೊಲಸನ್ನು ರೋಗಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಬಿಸಿನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ನೆನೆಸಿದಳು, ಹಿಂಡಿದಳು, ವಾಸನೆ ಹೋಗುವವರೆಗೆ ಜಾಲಿಸಿ ಬಿಸಿಲಿಗೆ ಒಣಗಿಸಿದಳು. ಸ್ಪಂಜು ಮತ್ತೆ ಹೊಸದಾಯಿತು. ಮಂಚದಿಂದ ನೋಡುತ್ತಿದ್ದ ಗಂಡ, "ಬೀಗರ ಮನೆಗೆ ಸುಣ್ಣ ಬಳಿದ ಹಾಗಾಯ್ತು" ಎಂದ.

ವಾರ ಕಳೆಯುವಷ್ಟರಲ್ಲಿ ಒಂದು ಮೀನು ಓರೆಯಾಗಿ ತೇಲಿತು. ಅದರ ಹಿಂದೆಯೇ ಇನ್ನೊಂದು. ಉಳಿದದ್ದು ಮೂಲೆ ಸೇರಿ ಏದುಸಿರು ಬಿಡುತ್ತಿತ್ತು. ಅದರ ಕೆಂಪು ಮಸಿಯಾಗುತ್ತಿದ್ದುದನ್ನು ಮೊದಲು ಕಂಡವನು ಗಂಡನೇ.

"ನನ್ನ ಮಂಚ ಅಡುಗೆಮನೆಗೆ ಹಾಕ್ಬಿಡು" ಎಂದ. "ನನ್ನ ಕೆಮ್ಮು ತಾಗ್ತಿದೆ ಅದಕ್ಕೆ. ಇದೊಂದಾದ್ರೂ ಬದುಕ್ಲಿ."

ಅವಳು ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದಳು. ಅಂಗಡಿಯವನು ಎಲ್ಲ ಕೇಳಿ ಹಣೆ ಒತ್ತಿಕೊಂಡ. "ಅಕ್ಕ, ಆ ಲೋಳೇಲೇ ಜೀವ ಇತ್ತು. ಮೀನು ಮಾಡಿದ ಹೊಲಸನ್ನ ತಿಂದು ನೀರಿನ ವಿಷ ತೆಗೆಯೋ ಸಣ್ಣ ಜೀವಗಳು ಅದರಲ್ಲೇ ಇರೋದು. ನೀವು ಅವನ್ನೆಲ್ಲ ಸಾಯಿಸಿದ್ರಿ."

"ತೊಳೆದಿದ್ದಕ್ಕಾ?"

"ತೊಳೆದಿದ್ದಕ್ಕೇ."

ಆ ಜೀವಗಳು ಮತ್ತೆ ಹುಟ್ಟಿಕೊಳ್ಳಲೆಂದು ಅವನು ತನ್ನ ತೊಟ್ಟಿಯ ಕೊಳಕು ಸ್ಪಂಜಿನದೊಂದು ತುಂಡು ಕತ್ತರಿಸಿ, ಅದೇ ನೀರಿನ ಜೊತೆ ಒಂದು ಡಬ್ಬಿಗೆ ಹಾಕಿಕೊಟ್ಟ. ಜೀವಮಾನವಿಡೀ ಕೊಳೆಯನ್ನು ಆಚೆ ಹಾಕಿದವಳು ಅಂದು ಕೊಳೆಯನ್ನು ಔಷಧಿಯ ಹಾಗೆ ಎದೆಗವಚಿಕೊಂಡು ಮನೆಗೆ ಬಂದಳು.

"ನಿಮ್ಮ ಕೆಮ್ಮಲ್ಲ ರೀ" ಎಂದಳು. "ನನ್ನ ಕೈ. ನಾನು ತೊಳೆದಿದ್ದು."

"ಸದ್ಯ. ಹಾಗಾದ್ರೆ ಮಂಚ ಇಲ್ಲೇ ಇರ್ಲಿ" ಎಂದ. ಬೈಗುಳಕ್ಕೆ ಕಾದು ನಿಂತವಳ ಕೈಯನ್ನು ಎಳೆದು ಎದೆಯ ಮೇಲಿಟ್ಟುಕೊಂಡ. "ಈ ಕೈ ಇಲ್ದಿದ್ರೆ ನಾನು ಹೋದ ವರ್ಷಾನೇ ಹೋಗ್ತಿದ್ದೆ. ಪಾಪ, ಬೀಗರಿಗೆ ಅದು ಗೊತ್ತಿಲ್ಲ."

ಆಮೇಲೆ ದಿನವೂ ಸ್ವಲ್ಪ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ನೀರನ್ನು ಬೆಚ್ಚಗೆ ಮಾಡಿ ತುಂಬುವುದೇ ಅವಳ ಕೆಲಸ. ಸ್ಪಂಜು ಮತ್ತೆ ಕಂದಾಗತೊಡಗಿದಾಗ ತೊಳೆಯಲು ಬೆರಳು ತುರಿಸುತ್ತಿದ್ದವು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳು. ಮೀನು ಸಾಯಲಿಲ್ಲ, ಬದುಕಿದ ಹಾಗೂ ಕಾಣಲಿಲ್ಲ. ಗಂಡನಿಗೆ ಕತ್ತು ಹೊರಳಿಸುವುದೂ ಕಷ್ಟವಾಗಿತ್ತು.

"ಬಣ್ಣ ಬಂತೇನೇ?"

"ನಾಳೆ ಬರುತ್ತೆ ರೀ."

ಒಂದು ಮಧ್ಯಾಹ್ನ ಅವಳು ವಾರ್ಡಿನ ನೆಲ ಒರೆಸುತ್ತಿರುವಾಗ ಪಕ್ಕದ ಮನೆಯವಳು ಬಂದು ಬಾಗಿಲಲ್ಲಿ ನಿಂತಳು. ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಇವಳು ಎದ್ದಳು. ಮನೆಗೆ ಹೋದಾಗ ಅವನ ಮುಖ ತೊಟ್ಟಿಯ ಕಡೆಗಿತ್ತು. ಮೀನು ಮೂಲೆಯಲ್ಲೇ ಇತ್ತು, ಕಪ್ಪಗೆ.

ಸಾವಿಗೆ ಬಂದವರೆಲ್ಲ ಹೋದರು. ನೀರು ಬದಲಿಸುವುದನ್ನು ಅವಳು ಬಿಡಲಿಲ್ಲ. ಬಿಟ್ಟರೆ ಬೆಳಗಿನ ಹೊತ್ತು ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯುತ್ತಿರಲಿಲ್ಲ. ಹಾಗೆ ಒಂದು ಬೆಳಿಗ್ಗೆ ಬಕೆಟ್ಟು ಕೆಳಗಿಡುವಾಗ ಮೀನು ಮೂಲೆ ಬಿಟ್ಟು ಹೊರಬಂತು. ಮೈಯೆಲ್ಲ ಕೆಂಪು. ಗಾಜಿನವರೆಗೂ ಬಂದು, ಅವಳ ಕಡೆ ನೋಡದೆ, ಖಾಲಿ ಮಂಚದ ಕಡೆ ತಿರುಗಿ ನಿಂತಿತು.

ಅವಳು ಕೈ ಒರೆಸಿಕೊಂಡು ಮಂಚದ ಮೇಲೆ ಒರಗಿದಳು. ಅವನ ಮುಖವಿರುತ್ತಿದ್ದ ಎತ್ತರಕ್ಕೆ ತನ್ನ ಮುಖ ತಂದು, ಅವನ ದಿಂಬಿನ ಮೇಲೆ ಕೆನ್ನೆಯಿಟ್ಟಳು. ಆ ದಿಂಬಿನ ಕವರನ್ನು ಅವಳು ಇನ್ನೂ ತೊಳೆದಿರಲಿಲ್ಲ.