ಕರ್ತನ ಕಿವಿಗೆ ಚಾಡಿ

ಭಾನುವಾರ ಚರ್ಚ್ ಮುಗಿಸಿ ಬರುವಾಗ ಪಕ್ಕದ ಮನೆಯಿಂದ ಹುರಿದ ಕೊಬ್ಬರಿ, ಚಕ್ಕೆ, ಲವಂಗದ ವಾಸನೆ ಬಂತು. ಬಾಡಿನ ಸಾರು. ನಿಮಗಾದರೆ ಬಾಯಲ್ಲಿ ನೀರೂರುತ್ತದೆ. ನನಗೆ ಪಶ್ಚಾತ್ತಾಪ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ನಂಜನಗೂಡಿನ ನಮ್ಮಜ್ಜಿಯೂ ತಿ. ನರಸೀಪುರದ ಅವರ ತಂಗಿ ರೂತಮ್ಮನೂ ಮಾತು ಬಿಟ್ಟಿದ್ದು ಒಂದು ಸಾರಿನಿಂದ. ರೂತಮ್ಮನ ಮೊಮ್ಮಗುವಿನ ದೀಕ್ಷಾಸ್ನಾನದ ಊಟಕ್ಕೆ ಬಂದವರೆಲ್ಲ ಸಾರನ್ನು ಹೊಗಳಿದ್ದೇ ಹೊಗಳಿದ್ದು. ನಮ್ಮಜ್ಜಿ ಮಾತ್ರ ಎಲೆಯ ಮುಂದೆ ಕೂತು, "ಇದುನ್ನ ಉಣ್ಣಕ್ಕಾ ಅಷ್ಟ್ ದೂರದಿಂದ ಬಸ್ ಅತ್ಕಂಡ್ ಬಂದಿದ್ದು? ಬಿಸ್ನೀರೇ ವಾಸಿ ಕಣ್ರವ್ವಾ" ಅಂದುಬಿಟ್ಟರು.

ಅಲ್ಲಿಗೆ ಅಕ್ಕತಂಗಿಯರ ಓಡಾಟ ನಿಂತಿತು. ಸುದ್ದಿ ನಮ್ಮ ಪಾಸ್ಟರ್ ತನಕ ಹೋಯಿತು. ತಂಗಿಯ ಜೊತೆ ರಾಜಿಯಾಗುವವರೆಗೂ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಬರಬೇಡಿ ಎಂದರು ಅಜ್ಜಿಗೆ. ಜ್ವರ ಬಂದರೂ ಅದನ್ನು ತಪ್ಪಿಸದ ಹೆಂಗಸು. ಈಗ ಎಲ್ಲರೂ ಎದ್ದು ಮುಂದಕ್ಕೆ ಹೋದರೆ ಬೆಂಚಿನ ಮೇಲೆ ಇವರೊಬ್ಬರೇ. "ಸತ್ರೆ ಇಂಗೇ ಸಾಯ್ಬೇಕಾ ನಾನು?" ಎಂದು ಗೋಡೆಯನ್ನು ಕೇಳುತ್ತಿದ್ದರು. ತಂಗಿಗೆ ಫೋನ್ ಮಾಡಿ ಅಂದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ.

ಕೊನೆಗೆ ಪಾಸ್ಟರೇ ರೂತಮ್ಮನನ್ನು ಕರೆಸಿ ನಮ್ಮ ಮನೆಯಲ್ಲಿ ಪ್ರಾರ್ಥನೆ ಇಟ್ಟರು. ಮನೆ ಪ್ರಾರ್ಥನೆಯ ಒಂದು ಅನುಕೂಲವನ್ನು ನಿಮಗೆ ಹೇಳಲೇಬೇಕು. ಕಣ್ಣು ಮುಚ್ಚಿ ಬೇಡುತ್ತಿರುವವರನ್ನು ಯಾರೂ ನಡುವೆ ತಡೆಯುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಆಮೆನ್ ಅನ್ನಬೇಕು. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನಂತೂ ಕಂಡಿಲ್ಲ.

ಅಜ್ಜಿ ಶುರು ಮಾಡಿದರು. "ಕರ್ತನೇ, ನನ್ ತಂಗಿ ಗರ್ವವ ಕ್ಷಮ್ಸಪ್ಪಾ. ನಾಕ್ ಜನ ಒಗುಳುದ್ರೆ ನೆಲದ್ ಮ್ಯಾಲೆ ನಿಲ್ಲಾಕಿಲ್ಲ ಅವ್ಳು."

ನಾವೆಲ್ಲ ಆಮೆನ್ ಅಂದೆವು. ರೂತಮ್ಮ ಅನ್ನಲಿಲ್ಲ.

"ತಂದೆಯೇ, ನಮ್ಮಕ್ಕುನ್ ನಾಲ್ಗೆಯ ಕ್ಷಮ್ಸು," ಎಂದರು ರೂತಮ್ಮ. "ನಿನ್ ವಾಕ್ಯ ಓದೋ ನಾಲ್ಗೇಲೇ ಬೆಂಕಿ ಉಗೀತಾಳೆ."

ಮತ್ತೆ ಆಮೆನ್. ಈ ಸಲ ಅಜ್ಜಿ ಅನ್ನಲಿಲ್ಲ.

ಸರದಿ ಮುಂದುವರಿಯಿತು. ಒಬ್ಬರ ಪಾಪವನ್ನು ಇನ್ನೊಬ್ಬರು ಎಷ್ಟು ಮನಮುಟ್ಟುವಂತೆ ಅರಿಕೆ ಮಾಡಿದರೆಂದರೆ ನನಗೇ ಅಳು ಬಂತು. ಪಾಸ್ಟರ್ ಕಣ್ಣು ಬಿಟ್ಟರು. "ಸಾಕು ಕಣ್ರವ್ವಾ! ನಿಮ್ ನಿಮ್ ಪಾಪ ನೀವೇ ಏಳ್ಕಳಿ."

ಅಷ್ಟು ಹೊತ್ತು ನಾಲೆಯಂತೆ ಹರಿದ ಪ್ರಾರ್ಥನೆ ಇಬ್ಬರಲ್ಲೂ ಬತ್ತಿತು. ಅಜ್ಜಿ ಸೆರಗು ಸರಿಮಾಡಿಕೊಂಡರು, ಕೆಮ್ಮಿದರು, ಮತ್ತೆ ಸೆರಗು.

"ಕರ್ತನೇ... ಸಾರು ಚೆನ್ನಾಗೇ ಇತ್ತು. ನಮ್ಮವ್ವ ಮಾಡ್ದಂಗೇ ಇತ್ತು. ನಂಗೆ ಅಂಗ್ ಮಾಡಕ್ ಬರಾಕಿಲ್ಲ."

ನಮಗೆಲ್ಲರಿಗಿಂತ ಮೊದಲು ಆಮೆನ್ ಅಂದದ್ದು ರೂತಮ್ಮ. ಆಮೇಲೆ ಕಣ್ಣು ಬಿಡದೆಯೇ, "ಅದ್ಕೆ ಬಿಸ್ನೀರು ಅಂದ್ಬುಟ್ಯಲ್ಲಕ್ಕಾ..." ಎಂದು ಅತ್ತರು. ಮುಂದಿನ ಭೋಜನದ ಭಾನುವಾರ ಅಜ್ಜಿ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋದರು. ಅದೂ ಪಾಪವೇ ಇರಬೇಕು, ಬಿಡಿ.

ಚೆನ್ನಾಗಿ ಪ್ರಾರ್ಥನೆ ಮಾಡುವ ಹುಡುಗ ಅಂತ ಈಗ ಚರ್ಚಿನಲ್ಲಿ ನನಗೂ ಹೆಸರಿದೆ. ಇವತ್ತೂ ದೇಶದ್ದು, ಊರಿನದ್ದು, ಗೆಳೆಯ ದಾನಿಯೇಲನದ್ದು, ಎಲ್ಲರ ಪಾಪವನ್ನೂ ನಿರರ್ಗಳವಾಗಿ ಒಪ್ಪಿಸಿ ಬಂದಿದ್ದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮೊಣಕಾಲೂರಿದೆ. "ಕರ್ತನೇ, ನಾನು..." ಅಂದೆ. ಮುಂದಕ್ಕೆ ದಾನಿಯೇಲನ ಹೆಸರೇ ಬಾಯಿಗೆ ಬಂತು. ನುಂಗಿಕೊಂಡು, ಮತ್ತೆ "ನಾನು" ಎಂಬಲ್ಲಿಂದ ಶುರು ಮಾಡಿದೆ.