ಯಾರೂ ಕೆಮ್ಮುವ ಹಾಗಿಲ್ಲ

ನಮ್ಮ ಬೀದಿಯ ಟೈಲರಮ್ಮನ ಮುಂದೆ ಯಾರೂ ಕೆಮ್ಮುವ ಹಾಗಿಲ್ಲ, ಇದು ಬರೀ ಮಾತಿಗೆ ಹೇಳಿದ್ದಲ್ಲ. ಅವರ ಅಕ್ಕ ಕೊಟ್ಟ ಕಿಡ್ನಿಯ ಜೊತೆ ಮೈ ಜಗಳಕ್ಕಿಳಿಯದಿರಲೆಂದು ನುಂಗುವ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿರುವುದರಿಂದ, ಕಾವಲಿನ ಕೆಲಸ ಈಗ ಅವರ ನಾಲಿಗೆಯದು. ಅಳತೆ ಕೊಡುವವರು ಗೋಡೆಗೆ ಮುಖ ಮಾಡಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಹೀಗೆ ಎದೆ ಉಬ್ಬಿಸಿಕೊಂಡೇ ಅಳತೆ ಕೊಟ್ಟು ಇಡೀ ಬೀದಿಯವರ ಅಂಗಿಗಳು ಸಡಿಲವಾಗಿವೆ. "ಹುಷಾರಾಗಿದೀರಾ?" ಎಂದು ಕೇಳಿದರೆ, "ಹುಷಾರಾಗಿರೋದಕ್ಕೇ ಹುಷಾರಾಗಿದೀನಿ, ನೀನು ಸ್ವಲ್ಪ ಆಚೆ ನಿಂತ್ಕೊ" ಎನ್ನುತ್ತಾರೆ. ಹಾಗಂತ ಒಂದು ಮದುವೆಯನ್ನೂ ಬಿಡುವವರಲ್ಲ. ಮಾಸ್ಕ್ ಬಿಗಿದು ಬಂದವರು ಮೊದಲು ಮದುವೆಮನೆಯ ಕಿಟಕಿಗಳನ್ನೆಲ್ಲ ತೆಗೆಸಿ, ಆಮೇಲೆ ಮದುಮಕ್ಕಳನ್ನು ಹರಸುತ್ತಾರೆ. ಅಪ್ಪಿಕೊಳ್ಳಲು ಬಂದವರ ಮುಂದೆ ಅಳತೆಯ ಟೇಪು ಬಿಚ್ಚಿ ಹಿಡಿದು, "ಇಷ್ಟು ದೂರದಿಂದಲೇ ಪ್ರೀತಿ ಮಾಡಿ" ಎನ್ನುತ್ತಾರೆ. ಮೊನ್ನೆ ಮದುಮಗನ ಸೋದರಮಾವ ತಡೆಯಲಾರದೆ, "ಇಷ್ಟೆಲ್ಲ ಒದ್ದಾಡೋ ಬದಲು ಮನೇಲೇ ಇರಬಾರದೇನಮ್ಮ?" ಎಂದುಬಿಟ್ಟರು. ಟೈಲರಮ್ಮ ಕಿಟಕಿ ಪಕ್ಕದ ಕುರ್ಚಿ ಎಳೆದು ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ನಮ್ಮಕ್ಕ ಇದ್ದಷ್ಟು ದಿನ ಒಂದು ಮದುವೇನೂ ತಪ್ಪಿಸಿದವಳಲ್ಲ. ಅವಳ ಕಿಡ್ನೀನ ಮನೇಲಿ ಕೂಡಿಹಾಕೋಕೆ ನಾನ್ಯಾರು?"