ಹೊಸ ಫಿಲ್ಟರಿಗೆ ಒಂದು ಬಾಟಲಿ ಎಣ್ಣೆ

ನಮ್ಮ ಭಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನಾನು ಗ್ಯಾರೇಜು ಇಟ್ಟುಕೊಂಡವನು, ಬಾಯಿ ಸ್ವಲ್ಪ ಜೋರು. ವರ್ಷಗಟ್ಟಲೆ ಆಯಿಲ್ ಬದಲಾಯಿಸದೆ ಗಾಡಿ ಓಡಿಸಿ, ಎಂಜಿನ್ ಕಿರುಚಲು ಶುರುವಾದ ಮೇಲೆ ಎಳೆದುಕೊಂಡು ಬರುವವನ ಜನ್ಮ ಜಾಲಾಡದೆ ನಾನು ಬಾನೆಟ್ ಎತ್ತುವುದಿಲ್ಲ. ಬೈಸಿಕೊಂಡವರೇ ಮತ್ತೆ ಬರುತ್ತಾರೆ, ಜೊತೆಗೆ ಇನ್ನೊಬ್ಬನನ್ನೂ ಕರೆತರುತ್ತಾರೆ. ಆದರೆ ಅಕ್ಕನ ಗಂಡನಿಗೆ ಬೈಯಲಾದೀತೇ? ಅವರು ಬಂದರೆ ಕೈ ಒರೆಸಿಕೊಂಡು, ಇರುವ ಒಂದೇ ಕುರ್ಚಿಯನ್ನು ಎಳೆದು ಹಾಕಿ, "ಬನ್ನಿ ಭಾವ, ಕೂತ್ಕೊಳ್ಳಿ" ಎನ್ನಬೇಕು. ನಾಲಿಗೆಯ ತುದಿಗೆ ಬಂದದ್ದನ್ನು ಚಹಾದ ಜೊತೆ ನುಂಗಬೇಕು. ಇಪ್ಪತ್ತಾರು ವರ್ಷದಿಂದ ಹೀಗೆ ನುಂಗಿಕೊಂಡೇ ಬಂದಿದ್ದೇನೆ.

ಭಾವ ಪಿಕಪ್ ಗಾಡಿಗೆ ಬಂದದ್ದು ತಡವಾಗಿ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ನೂಲಿನ ಮಿಲ್ಲಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ ಮಾಡುತ್ತಿದ್ದರು. ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಸಾಲು ಸಾಲು ಯಂತ್ರಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಸುತ್ತಬೇಕು, ತಿರುಗುವ ಜಾಗಕ್ಕೆಲ್ಲ ಹನಿ ಬಿಡಬೇಕು. ಅವರ ಪಾಳಿಯಲ್ಲಿ ಒಂದು ಯಂತ್ರವೂ ಬಿಸಿಯಾಗಿ ನಿಂತದ್ದಿಲ್ಲವಂತೆ. ಮಿಲ್ಲು ಮುಚ್ಚಿತು, ಅಭ್ಯಾಸ ಹೋಗಲಿಲ್ಲ. ಮನೆಯ ಗೇಟು, ಬೀಗ, ಫ್ಯಾನು, ಪಕ್ಕದ ಮನೆಯವರ ಸೈಕಲ್ಲು, ಯಾವುದನ್ನೂ ಬಿಟ್ಟವರಲ್ಲ. ಅಕ್ಕನ ಹೊಲಿಗೆ ಯಂತ್ರಕ್ಕೆ ಅವರು ಎಷ್ಟು ಎಣ್ಣೆ ಹಾಕುತ್ತಾರೆಂದರೆ, ಹೊಸ ಅಂಗಿಯ ತೋಳಿನ ಮೇಲೆ ಕಲೆ ನೋಡಿ ಗಿರಾಕಿಗಳು ಜಗಳಕ್ಕೆ ಬಂದಿದ್ದಾರೆ.

"ಎಣ್ಣೆ ಅಂದ್ರೆ ಯಂತ್ರಕ್ಕೆ ಊಟ ಕಣೋ. ಹೊಟ್ಟೆ ತುಂಬಿರೋ ಯಂತ್ರ ಯಾವತ್ತೂ ಕೈ ಕೊಡಲ್ಲ" ಎನ್ನುವುದು ಅವರ ಮಾತು. ಅಕ್ಕ ಒಲೆಯ ಮುಂದಿನಿಂದಲೇ, "ನನ್ನ ಯಂತ್ರಕ್ಕೆ ಅಜೀರ್ಣ ಆಗಿದೆ, ಇವತ್ತು ಉಪವಾಸ ಕೆಡವಿ" ಎನ್ನುತ್ತಿದ್ದಳು.

ಮಿಲ್ಲು ಮುಚ್ಚಿದ ಮೇಲೆ ಒಂದು ಡೀಸೆಲ್ ಪಿಕಪ್ ತೆಗೆದುಕೊಂಡು ಹ್ಯಾಚರಿಯ ಕೆಲಸ ಹಿಡಿದರು. ಮೊಟ್ಟೆಯೊಡೆದು ಒಂದೇ ದಿನವಾದ ಕೋಳಿಮರಿಗಳನ್ನು ತೂತಿನ ಡಬ್ಬಿಗಳಲ್ಲಿ ತುಂಬಿ ಕೊಡುತ್ತಾರೆ. ಒಂದು ಲೋಡಿಗೆ ಮೂರು ಸಾವಿರ ಮರಿ. ಗುಡ್ಡ ಹತ್ತಿ ಇಳಿದು ಆಚೆಯ ಕೋಳಿ ಫಾರಂಗಳಿಗೆ ಬಿಸಿಲೇರುವ ಮುಂಚೆ ಮುಟ್ಟಿಸಬೇಕು. ಗಾಡಿ ಓಡುತ್ತಿದ್ದರೆ ಡಬ್ಬಿಗಳೊಳಗೆ ಗಾಳಿ ಆಡುತ್ತದೆ. ನಿಂತರೆ ಒಳಗೆ ಕಾವು ಏರಿ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಹನ್ನೊಂದು ವರ್ಷ ಭಾವ ಈ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದರು. ದಾರಿಯಲ್ಲಿ ಚಹಾಕ್ಕೂ ನಿಲ್ಲಿಸುತ್ತಿರಲಿಲ್ಲ. ಮರಿಗಳ ಸದ್ದು ಕೇಳಿಯೇ ಅವು ಆರಾಮಾಗಿವೆಯೋ ಇಲ್ಲವೋ ಎಂದು ಹೇಳುತ್ತಿದ್ದರು.

ಎಡವಟ್ಟು ಶುರುವಾದದ್ದು ಗುಡ್ಡದ ರಸ್ತೆಯನ್ನು ಅಗೆದ ಮೇಲೆ. ಒಂಬತ್ತು ಕಿಲೋಮೀಟರು ಬರೀ ಧೂಳು. ಗಾಡಿಯ ಏರ್ ಫಿಲ್ಟರು ಕಾಗದದ್ದು. ಆರು ತಿಂಗಳು ಬರುತ್ತಿದ್ದದ್ದು ಹದಿನೈದು ದಿನಕ್ಕೆ ಕಟ್ಟಿಕೊಳ್ಳತೊಡಗಿತು. ಎಂಜಿನ್ನಿಗೆ ಗಾಳಿ ಸಾಲದೆ ಏರಿನಲ್ಲಿ ಗಾಡಿ ಮುಕ್ಕಿರಿಯುವುದು, ಹಿಂದಿನಿಂದ ಕರೀ ಹೊಗೆ. ಭಾವ ಮಾಡಿದ್ದೇನು? ಫಿಲ್ಟರು ಬಿಚ್ಚಿ ಟೈರಿಗೆ ಬಡಿದು ಬಡಿದು ಧೂಳು ಉದುರಿಸಿದರು. ಬಡಿದ ರಭಸಕ್ಕೆ ಕಾಗದ ಬಿರುಕು ಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಅದೇ ಫಿಲ್ಟರನ್ನು ಅವನ ತಲೆಗೆ ಕುಕ್ಕುತ್ತಿದ್ದೆ. "ಪರವಾಗಿಲ್ಲ ಭಾವ, ಹೊಸದು ಹಾಕೋಣ" ಎಂದೆ. ಅಷ್ಟರಲ್ಲಿ ಮೂರು ಸಲ ಮರಿಗಳು ತಡವಾಗಿ ಹೋಗಿದ್ದವು. ಇನ್ನೊಂದು ಸಲ ತಡವಾದರೆ ಈ ಲೈನು ಬೇರೆ ಗಾಡಿಗೆ ಎಂದು ಹ್ಯಾಚರಿ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಐವತ್ತೆಂಟು ದಾಟಿದವರಿಗೆ, ಅದೂ ಹಳೇ ಗಾಡಿಗೆ, ಹೊಸದಾಗಿ ಯಾರು ಲೈನು ಕೊಡುತ್ತಾರೆ? ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಹೇಗಾದ್ರೂ ಮಾಡಿ ಆ ಗಾಡಿ ಸರಿ ಮಾಡ್ಕೊಡೋ. ಈ ಕೆಲಸ ಹೋದ್ರೆ ಈ ಮನುಷ್ಯ ಮನೇಲಿ ಕೂತು ಮಂಕಾಗಿಬಿಡ್ತಾರೆ" ಎಂದಳು.

ಹೀಗೆ ಇಬ್ಬರೂ ಬಿಡಿಭಾಗಗಳ ಅಂಗಡಿಗೆ ಹೋದೆವು. ಅಂಗಡಿಯವನನ್ನು ನಾವೆಲ್ಲ ಗ್ಯಾರಂಟಿ ಎಂದೇ ಕರೆಯುವುದು. ಪ್ರತಿ ಮಾತಿಗೂ ಗ್ಯಾರಂಟಿ ಎನ್ನುತ್ತಾನೆ, ಬರೆದುಕೊಡು ಎಂದರೆ ಪೆನ್ನು ಸಿಗುವುದಿಲ್ಲ. ಅವನು ಮೇಜಿನ ತುಂಬ ಫಿಲ್ಟರು ಹರವಿದ. ಒಂದು ಕಾಗದದ್ದು. ಇನ್ನೊಂದು ಅದರದ್ದೇ ನಕಲು, ಅಂಚಿನ ರಬ್ಬರು ಬೆರಳಲ್ಲಿ ಒತ್ತಿದರೆ ಕಲ್ಲಿನಷ್ಟು ಗಟ್ಟಿ. ಅಂಥದ್ದು ಎಂಜಿನ್ ಪಕ್ಕದಲ್ಲಿ ಫಿಲ್ಟರು ಕೂರುವ ಡಬ್ಬಿಯ ಬಾಯಿಗೆ ಸರಿಯಾಗಿ ಕೂರದೆ ಸಂದಿಯಲ್ಲಿ ಧೂಳು ಬಿಡುತ್ತದೆ. ಮತ್ತೊಂದು ಹೊಳೆಯುವ ತಗಡಿನ ಮುಚ್ಚಳದ, ಗೋಪುರದ ಆಕಾರದ್ದು. ಡಬ್ಬಿಯನ್ನೇ ಕಿತ್ತೆಸೆದು ಪೈಪಿಗೆ ನೇರ ಸಿಕ್ಕಿಸುವುದು. ಭಾವನ ಕಣ್ಣು ಅದರ ಮೇಲೇ ಬಿತ್ತು.

"ಇದು ಹಾಕಿದ್ರೆ ಗಾಡಿ ಬಾಣದ ಥರ ಹೋಗುತ್ತೆ ಸಾರ್, ಗ್ಯಾರಂಟಿ" ಎಂದ ಅಂಗಡಿಯವನು.

"ಬಾನೆಟ್ ಒಳಗಿನ ಬಿಸಿ ಗಾಳಿ ಎಳ್ಕೊಂಡು, ಧೂಳೂ ಕುಡ್ಕೊಂಡು, ಎಂಜಿನ್ ನೇರ ಗುಜರಿಗೆ ಹೋಗುತ್ತೆ. ಅದಕ್ಕೂ ಗ್ಯಾರಂಟಿ ಕೊಡ್ತೀಯೇನೋ?" ಎಂದು ಅವನ ಮೇಲೆ ಹಾರಿದೆ. ಭಾವನಿಗೆ ಬೈಯಬೇಕಾದದ್ದೂ ಅವನ ಪಾಲಿಗೇ ಬಿತ್ತು. ಪಾಪ, ಅವನಿಗೆ ರೂಢಿಯಾಗಿದೆ.

ನನಗೆ ಬೇಕಿದ್ದದ್ದು ಕಾಗದದ್ದೇ. ಹತ್ತು ದಿನಕ್ಕೊಮ್ಮೆ ಬದಲಾಯಿಸಿದರೆ ಆಯಿತು. ಭಾವ ಒಪ್ಪಲಿಲ್ಲ. "ಹತ್ತು ಹತ್ತು ದಿನಕ್ಕೆ ಎಸೆಯೋ ಸಾಮಾನು ಸಾಮಾನೇನಯ್ಯಾ?" ಎಂದರು. ಕೊನೆಗೆ ತೊಳೆದು ಮತ್ತೆ ಹಾಕಬಹುದಾದ ಹತ್ತಿಬಟ್ಟೆಯ ಫಿಲ್ಟರಿಗೆ ಇಬ್ಬರೂ ರಾಜಿಯಾದೆವು. ತಂತಿ ಬಲೆಯ ನಡುವೆ ಮಡಿಕೆ ಮಡಿಕೆಯಾಗಿ ಬಟ್ಟೆ, ಅದಕ್ಕೆ ತೆಳುವಾಗಿ ಸವರಿದ ಕೆಂಪು ಎಣ್ಣೆ. ಆ ಎಣ್ಣೆಗೇ ಧೂಳು ಅಂಟುವುದು. ಗಾಡಿಯ ಹಳೇ ಡಬ್ಬಿಯೊಳಗೇ ಕೂರುತ್ತದೆ. ಪೆಟ್ಟಿಗೆಯಲ್ಲಿ ತೊಳೆಯುವ ದ್ರಾವಣದ್ದೊಂದು ಬಾಟಲಿ, ಎಣ್ಣೆಯದ್ದೊಂದು ಬಾಟಲಿ. ಅಂಗಡಿಯಿಂದ ಗ್ಯಾರೇಜಿನವರೆಗೂ ಭಾವ ಎಣ್ಣೆಯ ಬಾಟಲಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆಗಲೇ ನನಗೆ ಹೊಳೆಯಬೇಕಿತ್ತು.

ಗ್ಯಾರೇಜಿನಲ್ಲಿ ನಾಲ್ಕು ಕ್ಲಿಪ್ಪು ಎತ್ತಿ ಡಬ್ಬಿ ತೆಗೆದೆ. ತಳದಲ್ಲಿ ಒಂದು ಹಿಡಿ ಧೂಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಚನ್ನು ಬೆರಳಲ್ಲಿ ಸವರಿ ನೋಡಿದೆ. ಫಿಲ್ಟರಿನಾಚೆ, ಪೈಪಿನ ಬಾಯಲ್ಲಿ, ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಸೆನ್ಸರ್ ಇದೆ. ಕೂದಲೆಳೆಯಂಥ ತಂತಿ. ಅದನ್ನೂ ಸ್ವಚ್ಛ ಮಾಡಿದೆ. ಇನ್ನು ಫಿಲ್ಟರು ಇಟ್ಟು ಮುಚ್ಚುವುದಷ್ಟೇ. ಅಷ್ಟರಲ್ಲಿ ಹೊರಗೊಬ್ಬ ಕ್ಲಚ್ಚು ಸುಟ್ಟುಕೊಂಡು ಬಂದು ನಿಂತ. ಅವನಿಗೆ ಮಂಗಳಾರತಿ ಎತ್ತಲು ಹೋದೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ.

ಬಂದು ನೋಡಿದರೆ ಭಾವ ಫಿಲ್ಟರು ಕೂರಿಸಿ ನಾಲ್ಕೂ ಕ್ಲಿಪ್ಪು ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು. ಎಣ್ಣೆಯ ಬಾಟಲಿ ಕಸದ ಬುಟ್ಟಿಯಲ್ಲಿ, ಖಾಲಿ.

ಹೊಸ ಫಿಲ್ಟರಿಗೆ ಕಂಪನಿಯಲ್ಲೇ ಎಣ್ಣೆ ಹಾಕಿ ಕಳಿಸಿರುತ್ತಾರೆ. ಬಾಟಲಿ ಇರುವುದು ಮುಂದೆ ತೊಳೆದಾಗ ಹಾಕುವುದಕ್ಕೆ. ಅದೂ ಒಂದೊಂದು ಮಡಿಕೆಗೆ ಒಂದೊಂದು ಎಳೆ. ಆ ಬಾಟಲಿ ಐದಾರು ಸಲಕ್ಕೆ ಬರಬೇಕು. ಇವರು ಅಷ್ಟನ್ನೂ ಒಂದೇ ಏಟಿಗೆ ಸುರಿದಿದ್ದರು! ಡಬ್ಬಿಯ ಅಂಚಿನಿಂದ ಕೆಂಪು ಹನಿಯೊಂದು ಇಳಿಯುತ್ತಿದ್ದದ್ದನ್ನು ಕಣ್ಣಾರೆ ನೋಡಿದೆ.

"ಚೆನ್ನಾಗಿ ಕುಡಿಸಿದೀನಿ ಕಣೋ. ಇನ್ನು ಧೂಳಿನ ಅಪ್ಪ ಬಂದ್ರೂ ಒಳಗೆ ಹೋಗಲ್ಲ" ಎಂದು ನಕ್ಕರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ನೋಡಿದ್ದೆ.

ತೆಗೀರಿ ಭಾವ, ಎಣ್ಣೆ ಜಾಸ್ತಿ ಆಯ್ತು ಎನ್ನಬೇಕಿತ್ತು. ಎರಡೇ ಮಾತು. ಆದರೆ ನನಗೆ ಬೈಯದೆ ಹೇಳುವ ವಿದ್ಯೆಯೇ ಬರುವುದಿಲ್ಲ. ಬಾಯಿ ತೆರೆದರೆ ಆ ಎರಡು ಮಾತಿನ ಹಿಂದೆ ಇಪ್ಪತ್ತಾರು ವರ್ಷ ನುಂಗಿದ್ದೆಲ್ಲ ಹೊರಗೆ ಬರುತ್ತಿತ್ತು, ಅದೂ ಗಿರಾಕಿಗಳ ಮುಂದೆ. ಹೆಚ್ಚಾದ ಎಣ್ಣೆ ತಾನಾಗಿಯೇ ಸೋರಿ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. "ಆಯ್ತು ಭಾವ" ಎಂದೆ.

ಎರಡು ದಿನ ಗಾಡಿ ಚೆನ್ನಾಗಿಯೇ ಓಡಿತು. ಮೂರನೇ ದಿನ ಬೆಳಿಗ್ಗೆ ಎಂಟೂವರೆಗೆ ಫೋನು ಬಂತು. "ಏರಿನಲ್ಲಿ ಎಂಜಿನ್ ಲೈಟು ಹತ್ಕೊಂಡು ಗಾಡಿ ಸತ್ತ ಹಾಗೆ ಆಗಿದೆ ಕಣೋ. ಆಕ್ಸಿಲರೇಟರ್ ಎಷ್ಟು ಒತ್ತಿದ್ರೂ ಏರಲ್ಲ. ಮರಿ ಇದಾವೆ, ಬೇಗ ಬಾ." ಏನಾಗಿದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಸೆನ್ಸರ್ ತೊಳೆಯುವ ಸ್ಪ್ರೇ, ಒಂದು ಕಾಗದದ ಫಿಲ್ಟರು, ಸ್ಕ್ರೂಡ್ರೈವರು ಚೀಲಕ್ಕೆ ತುರುಕಿ ಬೈಕು ಹತ್ತಿದೆ. ಆ ಧೂಳಿನಲ್ಲಿ ಎಷ್ಟು ವೇಗವಾಗಿ ಹೋಗಲಾದೀತು? ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು.

ಗಾಡಿ ಏರಿನ ಮಧ್ಯೆ ಓರೆಯಾಗಿ ನಿಂತಿತ್ತು, ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಭಾವ ಅರ್ಧದಷ್ಟು ಡಬ್ಬಿಗಳನ್ನು ಇಳಿಸಿ ಗಾಡಿಯ ನೆರಳಿನಲ್ಲಿ ಸಾಲಾಗಿ ಇಟ್ಟು, ಎರಡೂ ಕೈಯಲ್ಲಿ ರಟ್ಟಿನ ಮುಚ್ಚಳ ಹಿಡಿದು ಗಾಳಿ ಬೀಸುತ್ತಿದ್ದರು. ಅಂಗಿ ಮೈಗೆ ಅಂಟಿಕೊಂಡಿತ್ತು. ನನ್ನನ್ನು ನೋಡಿ, "ಸದ್ದು ಕಮ್ಮಿ ಆಗ್ತಾ ಇದೆ ಕಣೋ" ಎಂದರು.

ಫಿಲ್ಟರಿನ ಡಬ್ಬಿ ತೆಗೆದೆ. ತಳದಲ್ಲಿ ಕೆಂಪು ಎಣ್ಣೆ ಧೂಳಿನ ಜೊತೆ ಕಲೆತು ರಾಡಿಯಾಗಿತ್ತು. ಪೈಪಿನೊಳಗೆಲ್ಲ ಎಣ್ಣೆ. ಸೆನ್ಸರಿನ ತಂತಿಯ ಮೇಲೆ ಪದರ ಕಟ್ಟಿತ್ತು. ಬರುವ ಗಾಳಿಯನ್ನು ಅದು ತಪ್ಪಾಗಿ ಅಳೆದದ್ದರಿಂದ ಎಂಜಿನ್ ತನ್ನ ಶಕ್ತಿಯನ್ನು ತಾನೇ ಇಳಿಸಿಕೊಂಡಿತ್ತು. ಸ್ಪ್ರೇ ಹೊಡೆದು, ಒಣಗಿಸಿ, ಪೈಪು ಒರೆಸಿ, ಕಾಗದದ ಫಿಲ್ಟರು ಹಾಕಿ ಲೈಟು ಆರಿಸುವಷ್ಟರಲ್ಲಿ ಇಪ್ಪತ್ತು ನಿಮಿಷ. ಸಿಟ್ಟು ಯಾರ ಮೇಲೆಂದೇ ತಿಳಿಯಲಿಲ್ಲ. ಭಾವ ಬಗ್ಗಿ ಡಬ್ಬಿಯ ತಳವನ್ನೂ ನನ್ನ ಮುಖವನ್ನೂ ನೋಡಿದರು. ಅವರಿಗೆ ಅರ್ಥವಾಯಿತು.

"ಎಣ್ಣೆ ಜಾಸ್ತಿ ಆಯ್ತಾ?"

"ಹೂಂ ಭಾವ."

"ನಿಂಗೆ ಅವತ್ತೇ ಗೊತ್ತಿತ್ತಾ?"

ನಾನು ಕ್ಲಿಪ್ಪು ಹಾಕುತ್ತಲೇ ಇದ್ದೆ. ಭಾವ ಮರಿಗಳ ಡಬ್ಬಿಗಳನ್ನು ಗಾಡಿಗೆ ಏರಿಸತೊಡಗಿದರು.

ಫಾರಂ ಮುಟ್ಟಿದಾಗ ಒಂದೂವರೆ ಗಂಟೆ ತಡ. ಫಾರಂನವರು ಒಂದೊಂದೇ ಡಬ್ಬಿ ತೆರೆದು ಸತ್ತ ಮರಿಗಳನ್ನು ಬಕೆಟ್ಟಿಗೆ ಹಾಕುತ್ತಾ ಹೋದರು. ಎರಡು ಬಕೆಟ್ಟು ತುಂಬಿತು. ಅಷ್ಟು ಹೊತ್ತಿಗೆ ಫಿಲ್ಟರಿನ ಸುದ್ದಿ ಫೋನಿನಲ್ಲಿ ಕೇಳಿ ಮ್ಯಾನೇಜರನೇ ಜೀಪಿನಲ್ಲಿ ಬಂದ. ಬಕೆಟ್ಟು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ. ಹ್ಯಾಚರಿಯ ಆರು ಗಾಡಿಗಳೂ ನನ್ನ ಗ್ಯಾರೇಜಿಗೇ ಬರುತ್ತವೆ.

"ಈ ಫಿಲ್ಟರು ಹಾಕಿದ್ದು ನೀನಾ? ಇದೇನಾ ನಿನ್ನ ಕೆಲಸ?" ಎಂದ.

ನಾನು ಬಾಯಿ ತೆರೆಯುವ ಮುಂಚೆಯೇ ಭಾವ ಮುಂದೆ ಬಂದರು. "ಅವನನ್ನ ಏನೂ ಅನ್ಬೇಡಿ ಸಾರ್. ಎಣ್ಣೆ ಹಾಕ್ಬೇಡಿ, ಹಾಕ್ಬೇಡಿ ಅಂತ ಬಾಯಿ ಬಡ್ಕೊಂಡ. ನಾನೇ ಕೇಳ್ಲಿಲ್ಲ. ಅವನು ಇಲ್ದೇ ಇರೋವಾಗ ಸುರಿದೆ. ತಪ್ಪು ಪೂರ್ತಿ ನಂದೇ."

ಮ್ಯಾನೇಜರ್ ಕೈ ಚಾಚಿದ. ಭಾವ ಜೇಬಿನಿಂದ ಲೋಡಿನ ಚೀಟಿ ಪುಸ್ತಕ ತೆಗೆದು ಕೊಟ್ಟರು. ಹನ್ನೊಂದು ವರ್ಷದ ಕೆಲಸ ಅಷ್ಟರಲ್ಲಿ ಮುಗಿಯಿತು. ಸುಮ್ಮನೆ ನೋಡುತ್ತಾ ನಿಂತಿದ್ದೆ, ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ. ಥೂ ನನ್ನ!

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು, ಮುಂದಿಟ್ಟ ತಟ್ಟೆ ಮುಟ್ಟಿರಲಿಲ್ಲ. ಅಕ್ಕ ಅವರಿಗೆ ಒಂದೇ ಸಮನೆ ಬೈಯುತ್ತಿದ್ದಳು. "ಅವನು ಅಷ್ಟು ಹೇಳಿದ್ರೂ ಕಿವಿಗೆ ಹಾಕ್ಕೊಳ್ಲಿಲ್ವಲ್ಲ ನೀವು! ಗಾಡಿ ಕೆಲಸ ಅವನಿಗೆ ಗೊತ್ತೋ ನಿಮಗೆ ಗೊತ್ತೋ? ನಿಮ್ಮ ಎಣ್ಣೆ ಹುಚ್ಚಿಗೆ ಇಷ್ಟು ವರ್ಷದ ಅನ್ನ ಹೋಯ್ತಲ್ಲ!" ಭಾವ ತಲೆ ಎತ್ತಿ ನನ್ನನ್ನು ನೋಡಿ, ಸುಮ್ಮನಿರು ಎನ್ನುವ ಹಾಗೆ ಸಣ್ಣಗೆ ತಲೆ ಆಡಿಸಿದರು.

ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಅಕ್ಕಾ, ನಾನು ಹೇಳಿರಲಿಲ್ಲ" ಎಂದೆ. "ಎಣ್ಣೆ ಸುರಿದಿದ್ದು ಅವತ್ತೇ ನೋಡಿದ್ದೆ. ಒಂದು ಮಾತೂ ಹೇಳಲಿಲ್ಲ."

ಅಕ್ಕ ಗಂಡನನ್ನು ನೋಡಿದಳು. ಅವರು ತಟ್ಟೆಯತ್ತ ಮುಖ ತಿರುಗಿಸಿದರು.

"ಯಾಕೋ?"

"ಭಾವ ಅಲ್ವಾ... ಬೈದ ಹಾಗೆ ಆಗುತ್ತೆ ಅಂತ."

ಅವಳ ಕಣ್ಣು ತುಂಬಿತು. ಧ್ವನಿ ಮಾತ್ರ ಏರಲಿಲ್ಲ.

"ಊರವರಿಗೆಲ್ಲಾ ಬೈದು ಬೈದು ಅವರ ಗಾಡಿ ಉಳಿಸ್ತೀಯ. ಇವರೊಬ್ಬರಿಗೆ ಮರ್ಯಾದೆ ಕೊಟ್ಟು ಕೆಲಸ ಕಳೆದ್ಯಲ್ಲೋ" ಎಂದಳು. "ಬೈಯೋದು ಬೇಡಪ್ಪ. ಹೇಳೋಕೆ ಏನಾಗಿತ್ತೋ ನಿಂಗೆ?"

ಭಾವ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ಕೂತ್ಕೋ, ಊಟ ಮಾಡು" ಎಂದರು. ನಾನು ನಿಂತೇ ಇದ್ದೆ.